ಭಾವಚಿತ್ರಕ್ಕೆ ಬೆಳಕು: ಕಿರುದೀಪವೋ, ಹಿರಿದೀಪವೋ?

ಹೊರನಾಡಿನ ಬದುಕಿನಲ್ಲಿ ಛಾಯಾಚಿತ್ರವೆಂಬುದು ಕೇವಲ ವಿನೋದದ ವಸ್ತುವಲ್ಲ. ಫೋರ್ಟ್ ಮಿಲ್‌ನಂಥ ಊರಿಗೆ ಕೆಲವೇ ತಿಂಗಳ ಮಟ್ಟಿಗೆ ಬರುವ ತಂದೆತಾಯಿಯರು ತಾಯ್ನಾಡಿಗೆ ಮರಳಿದ ಮೇಲೆ ಮನೆಯಲ್ಲಿ ಉಳಿಯುವುದು ಅವರ ಭಾವಚಿತ್ರವೇ. ಅವರು ಮತ್ತೊಮ್ಮೆ ಬರುವರೆಂಬ ಭರವಸೆ ಯಾರಿಗಿದೆ? ದೂರವಾಣಿಯ ಯಂತ್ರದಲ್ಲಿ ನೂರಾರು ಚಿತ್ರಗಳಿದ್ದೂ ಚೌಕಟ್ಟು ಹಾಕಿಸಲು ತಕ್ಕ ಒಂದು ಚಿತ್ರವಿಲ್ಲವೆಂಬ ಕೊರಗು ಅನೇಕ ಮನೆಗಳದು. ಈ ಕೊರತೆಗೆ ಬಹುಪಾಲು ಕಾರಣ ಬೆಳಕಿನದೇ ಹೊರತು ಕ್ಯಾಮೆರಾದ್ದಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಗ್ನೀಸಿಯಂ ಪುಡಿಯನ್ನು ಉರಿಸಿ ಬೆಳಕು ಪಡೆಯುತ್ತಿದ್ದರು. 1930ರ ದಶಕದಲ್ಲಿ ಎಂ.ಐ.ಟಿ.ಯ ಪ್ರಾಧ್ಯಾಪಕ ಹೆರಾಲ್ಡ್ ಎಡ್ಜರ್‌ಟನ್ ವಿದ್ಯುತ್ ಮಿಂಚುದೀಪವನ್ನು ಬೆಳೆಸಿದರು. ಇಂದಿನ ಫ್ಲಾಷ್ ಹಾಗೂ ಸ್ಟುಡಿಯೊ ಸ್ಟ್ರೋಬ್‌ಗಳೆರಡೂ ಅದರ ಸಂತತಿಯೇ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಅನಿಲ ತುಂಬಿದ ನಳಿಗೆಯ ಮೂಲಕ ಕ್ಷಣಾರ್ಧದಲ್ಲಿ ಹರಿದು ಬೆಳಕಾಗುತ್ತದೆ. ವ್ಯತ್ಯಾಸವಿರುವುದು ಶಕ್ತಿಯಲ್ಲಿ. ನಾಲ್ಕು ಪುಟ್ಟ ಬ್ಯಾಟರಿಗಳ ಫ್ಲಾಷ್ ಸುಮಾರು 60ರಿಂದ 80 ವ್ಯಾಟ್-ಸೆಕೆಂಡು ಕೊಟ್ಟರೆ, ಗೋಡೆಯ ವಿದ್ಯುತ್ತಿನ ಸ್ಟ್ರೋಬ್ ಸಾಮಾನ್ಯವಾಗಿ 200ರಿಂದ 600ರವರೆಗೆ ಕೊಡುತ್ತದೆ.

ಒಬ್ಬಿಬ್ಬರ ಚಿತ್ರಕ್ಕೆ ಕಿರುಫ್ಲಾಷ್ ಧಾರಾಳವಾಗಿ ಸಾಕು. ಅದನ್ನು ನೇರವಾಗಿ ಮುಖಕ್ಕೆ ಹಿಡಿದರೆ ಮಾತ್ರ ಜರತಾರಿಯ ಅಂಚು, ಚಿನ್ನದ ಸರಗಳು ಕಣ್ಣು ಕುಕ್ಕುವಂತೆ ಹೊಳೆದು ಮುಖ ಸಪ್ಪೆಯಾಗುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೃದು. ಆದುದರಿಂದ ಫ್ಲಾಷನ್ನು ಮನೆಯ ಬಿಳಿಯ ಮಾಳಿಗೆಯತ್ತ ತಿರುಗಿಸಬೇಕು. ಮಾಳಿಗೆಯೇ ದೊಡ್ಡ ದೀಪವಾಗುತ್ತದೆ.

ನಲವತ್ತು ಜನರ ಗುಂಪುಚಿತ್ರದ ಮಾತೇ ಬೇರೆ. ದೀಪ ಸಮೀಪವಿದ್ದರೆ ಮುಂದಿನ ಸಾಲು ಬೆಳ್ಳಗಾಗಿ ಹಿಂದಿನ ಸಾಲು ಮಂಕಾಗುತ್ತದೆ. ದೂರವಿಟ್ಟರೆ ಬೆಳಕು ಸಮನಾಗಿ ಹರಡುತ್ತದೆ. ಆದರೆ ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಿರಿದೀಪದ ಹಿರಿಮೆ ಇಲ್ಲಿಯೇ.

ಅನಿವಾಸಿಗಳು ಮರೆಯಬಾರದ ಇನ್ನೊಂದು ಸಂಗತಿಯಿದೆ. ಅಮೆರಿಕೆಯ ಮನೆಯ ವಿದ್ಯುತ್ತು 120 ವೋಲ್ಟ್, ಭಾರತದ್ದು 230. ಇಲ್ಲಿಗಷ್ಟೇ ಹೊಂದುವ ಸ್ಟ್ರೋಬನ್ನು ಮೈಸೂರಿನ ಷಷ್ಟ್ಯಬ್ದಿ ಸಮಾರಂಭಕ್ಕೆ ಒಯ್ದು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗಬಹುದು. ಲಿಥಿಯಂ ಬ್ಯಾಟರಿಯ 200 ವ್ಯಾಟ್-ಸೆಕೆಂಡಿನ ದೀಪಗಳು ಈಚೆಗೆ ಮಧ್ಯಮಮಾರ್ಗವಾಗಿ ಬಂದಿವೆ. ಅವುಗಳ ಬಿಡಿ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯಬೇಕು. ಯಾವ ದೀಪವನ್ನೂ ಮನೆಯಲ್ಲಿ ಬಿಚ್ಚಬಾರದು. ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ನನ್ನ ಅಭಿಪ್ರಾಯವಿಷ್ಟೆ: ಮೊದಲು ಒಂದು ಕಿರುಫ್ಲಾಷ್, ಒಂದು ಬಿಳಿಕೊಡೆ, ಒಂದು ಕಂಬ ಸಾಕು. ಗುಂಪುಚಿತ್ರಗಳ ಹೊಣೆ ಹೊರುವ ಕನ್ನಡ ಕೂಟಗಳು ಎರಡು ಹಿರಿದೀಪಗಳನ್ನು ಒಟ್ಟಾಗಿ ಕೊಂಡು ಸದಸ್ಯರಿಗೆ ಎರವಲು ಕೊಡುವುದು ಲೇಸು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಬದುಕನ್ನೇ ಚಿತ್ರಿಸಿ ಲೋಕಖ್ಯಾತರಾದರು. ನಮ್ಮ ಮನೆಯ ಹಿರಿಯರ ಮುಖಗಳೂ ಅಂಥ ಆದರಕ್ಕೆ ಅರ್ಹವಾದುವು. ಅವರು ನಮ್ಮೊಡನಿರುವಾಗಲೇ ದೀಪ ಹಚ್ಚೋಣ.