ಹಳಿಯ ಬದಿಯ ಅಕ್ಷರವೈಭವ

ಸುಮಾರು ಮೂರು ಅಡಿ ಉದ್ದದ ಒಂದು ಉಕ್ಕಿನ ಫಲಕ. ಮೈತುಂಬ ಕಡುಗೆಂಪು, ನಡುವಿನ ಪಟ್ಟಿಯಲ್ಲಿ ಅಚ್ಚ ಬಿಳಿಯ ಅಕ್ಷರಗಳಲ್ಲಿ ಒಂದು ಊರಿನ ಹೆಸರು. ಎಪ್ಪತ್ತು ವರ್ಷಗಳ ಮಳೆ, ಮಂಜು, ಇಂಜಿನ್ನಿನ ಮಸಿ ಇವೆಲ್ಲವನ್ನೂ ಕಂಡಿದ್ದರೂ ಒರೆಸಿದೊಡನೆ ನಿನ್ನೆ ಮಾಡಿಟ್ಟಂತೆ ಹೊಳೆಯುತ್ತದೆ. ಬ್ರಿಟನ್ನಿನ ರೈಲುಪ್ರಿಯರು ‘ಟೋಟೆಮ್’ ಎಂದು ಕರೆಯುವ ಈ ನಿಲ್ದಾಣಫಲಕಗಳು ಇಂದು ಹರಾಜಿನಲ್ಲಿ ಸಾವಿರಾರು ಪೌಂಡುಗಳಿಗೆ ಮಾರಾಟವಾಗುತ್ತವೆ. ಊರನ್ನು ಗುರುತಿಸಲೆಂದು ತೂಗುಹಾಕಿದ್ದ ತಗಡೊಂದು ಕಲಾಕೃತಿಯ ಪದವಿಗೇರಿದ ಕಥೆಯಲ್ಲಿ ಇಪ್ಪತ್ತನೆಯ ಶತಮಾನದ ಅತ್ಯುತ್ತಮ ಅಕ್ಷರಶಿಲ್ಪಿಗಳ ಸಾಧನೆಯೇ ಅಡಗಿದೆ.

ಈ ಕಥೆಯ ಮೂಲ ಲಂಡನ್ನಿನ ನೆಲದಡಿಯಲ್ಲಿದೆ. ಅಲ್ಲಿನ ಸುರಂಗ ನಿಲ್ದಾಣಗಳ ಗೋಡೆಗಳನ್ನು ಜಾಹೀರಾತುಗಳು ಎಷ್ಟು ಮುತ್ತಿಕೊಂಡಿದ್ದವೆಂದರೆ, ಅವುಗಳ ನಡುವೆ ನಿಲ್ದಾಣದ ಹೆಸರನ್ನೇ ಹುಡುಕಬೇಕಿತ್ತು. ಹೆಸರು ಎದ್ದು ಕಾಣಲೆಂದು 1908ರಲ್ಲಿ ಕೆಂಪು ಬಿಲ್ಲೆಯ ಮೇಲೆ ನೀಲಿ ಪಟ್ಟಿಯನ್ನು ಅಡ್ಡಲಾಗಿ ಕೂರಿಸಲಾಯಿತು. ಜಗದ್ವಿಖ್ಯಾತವಾದ ‘ರೌಂಡೆಲ್’ ಲಾಂಛನದ ಜನನ ಅಲ್ಲಿ. ಆದರೆ ಆ ಸುರಂಗ ರೈಲು ಸಂಸ್ಥೆಯ ಪ್ರಚಾರದ ಹೊಣೆ ಹೊತ್ತಿದ್ದ ಫ್ರಾಂಕ್ ಪಿಕ್ ಅವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ರೈಲು ಸಂಸ್ಥೆಯ ಮಾತು ಅಂಗಡಿಗಳ ಕೂಗಿಗಿಂತ ಭಿನ್ನವಾಗಿ ಕಾಣಬೇಕಾದರೆ ಅದಕ್ಕೆ ತನ್ನದೇ ಅಕ್ಷರ ಬೇಕೆಂಬುದು ಅವರ ನಿಲುವು. ಆ ಕೆಲಸವನ್ನು ಅವರು ಒಪ್ಪಿಸಿದ್ದು ಸುಂದರ ಬರಹದ ಆಚಾರ್ಯರೆನಿಸಿದ್ದ ಎಡ್ವರ್ಡ್ ಜಾನ್‌ಸ್ಟನ್ ಅವರಿಗೆ.

1916ರಲ್ಲಿ ಬಳಕೆಗೆ ಬಂದ ಜಾನ್‌ಸ್ಟನ್ ಲಿಪಿ ಅಕ್ಷರಲೋಕದಲ್ಲೊಂದು ಮೈಲಿಗಲ್ಲು. ಪುರಾತನ ರೋಮಿನ ಶಿಲಾಶಾಸನಗಳ ಪ್ರಮಾಣವನ್ನು ಉಳಿಸಿಕೊಂಡು, ಅಕ್ಷರದ ತುದಿಗಳಲ್ಲಿನ ಅಲಂಕಾರವನ್ನೆಲ್ಲ ಅವರು ಕಳಚಿಹಾಕಿದರು. ‘ಓ’ ಪರಿಪೂರ್ಣ ವೃತ್ತವಾಯಿತು. ಸಣ್ಣ ‘ಐ’ ಅಕ್ಷರದ ಮೇಲಿನ ಚುಕ್ಕಿ ವಜ್ರದಾಕೃತಿ ತಳೆಯಿತು. ಎರಡು ಸಾವಿರ ವರ್ಷಗಳ ಗಾಂಭೀರ್ಯ ವಿದ್ಯುತ್ ರೈಲಿನ ವೇಗಕ್ಕೆ ಹೊಂದಿಕೊಂಡ ಅಪೂರ್ವ ಕ್ಷಣವದು.

ಜಾನ್‌ಸ್ಟನ್ನರ ಶಿಷ್ಯ ಎರಿಕ್ ಗಿಲ್ ಆ ಪರಂಪರೆಯನ್ನು ನೆಲದ ಮೇಲಿನ ರೈಲುಗಳಿಗೆ ತಂದರು. ಬ್ರಿಸ್ಟಲ್ ನಗರದ ಪುಸ್ತಕದಂಗಡಿಯೊಂದರ ಮುಂಭಾಗಕ್ಕೆ ಅವರು ಬರೆದಿದ್ದ ಅಕ್ಷರಗಳು ಮೊನೊಟೈಪ್ ಸಂಸ್ಥೆಯ ಸ್ಟಾನ್ಲಿ ಮಾರಿಸನ್ ಅವರ ಕಣ್ಣಿಗೆ ಬಿದ್ದವು. ಅದರ ಫಲವಾಗಿ 1928ರಲ್ಲಿ ಗಿಲ್ ಸ್ಯಾನ್ಸ್ ಎಂಬ ಲಿಪಿ ಪ್ರಕಟವಾಯಿತು. ಮರುವರ್ಷವೇ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ಅದನ್ನು ಸ್ವೀಕರಿಸಿತು. ವೇಳಾಪಟ್ಟಿ, ಭಿತ್ತಿಪತ್ರ, ಇಂಜಿನ್ನಿನ ನಾಮಫಲಕ, ಊಟದ ಬೋಗಿಯ ತಿನಿಸುಪಟ್ಟಿ, ಎಲ್ಲೆಡೆಯೂ ಒಂದೇ ಅಕ್ಷರ. 1932ರಲ್ಲಿ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ರೈಲಿನ ಹೆಸರಿನ ಫಲಕವನ್ನು ಗಿಲ್ ಸ್ವತಃ ಕುಂಚ ಹಿಡಿದು ಬರೆದರು. ಅವರಿಗೆ ದೊರೆತ ಗೌರವವೂ ಅನನ್ಯವಾದುದೇ: ಚಾಲಕರ ಪಕ್ಕದಲ್ಲಿ ನಿಂತು ಆ ಉಗಿಬಂಡಿಯಲ್ಲಿ ಪಯಣಿಸುವ ಅವಕಾಶ!

1948ರ ಜನವರಿ 1ರಂದು ಬ್ರಿಟನ್ನಿನ ನಾಲ್ಕು ಮಹಾ ರೈಲು ಕಂಪನಿಗಳು ರಾಷ್ಟ್ರೀಕರಣಗೊಂಡಾಗ ಗಿಲ್ ಸ್ಯಾನ್ಸ್ ಇಡೀ ನಾಡಿನ ರೈಲ್ವೆಯ ಲಿಪಿಯಾಯಿತು. ಟೋಟೆಮ್ ಫಲಕ ಮೈತಳೆದದ್ದು ಆಗಲೇ. ಆರು ವಲಯಗಳಿಗೆ ಆರು ಬಣ್ಣ: ಪಶ್ಚಿಮಕ್ಕೆ ಕಂದು, ದಕ್ಷಿಣಕ್ಕೆ ಹಸಿರು, ಲಂಡನ್ ಮಿಡ್‌ಲ್ಯಾಂಡಿಗೆ ಕಡುಗೆಂಪು, ಪೂರ್ವಕ್ಕೆ ಕಡುನೀಲಿ, ಈಶಾನ್ಯಕ್ಕೆ ಕಿತ್ತಳೆ, ಸ್ಕಾಟ್ಲೆಂಡಿಗೆ ತಿಳಿನೀಲಿ. ನಿದ್ದೆಗಣ್ಣಿನ ಪ್ರಯಾಣಿಕನಿಗೂ ಹೆಸರು ಓದುವ ಮೊದಲೇ ತಾನು ಯಾವ ಸೀಮೆಯಲ್ಲಿದ್ದೇನೆಂಬುದು ತಿಳಿಯುತ್ತಿತ್ತು. ಈ ಬಣ್ಣಗಳು ಮಾಸದಿರುವುದರ ಗುಟ್ಟು ಎನಾಮೆಲ್ ವಿದ್ಯೆಯಲ್ಲಿದೆ. ಗಾಜಿನ ಪುಡಿಯನ್ನು ಉಕ್ಕಿನ ತಗಡಿಗೆ ಲೇಪಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಬೇಯಿಸಿದಾಗ ಬಣ್ಣವೇ ಗಾಜಾಗಿ ಲೋಹಕ್ಕೆ ಬೆಸೆದುಕೊಳ್ಳುತ್ತದೆ.

1960ರ ದಶಕದಲ್ಲಿ ಉಗಿಯ ಯುಗ ಅಸ್ತಮಿಸತೊಡಗಿತು. ರಾಷ್ಟ್ರೀಕೃತ ರೈಲ್ವೆಯ ‘ಬ್ರಿಟಿಷ್ ರೈಲ್ವೇಸ್’ ಎಂಬ ಹೆಸರು 1965ರಲ್ಲಿ ‘ಬ್ರಿಟಿಷ್ ರೈಲ್’ ಎಂದು ಚಿಕ್ಕದಾಯಿತು. ಯುವ ವಿನ್ಯಾಸಕಾರ ಜೆರಾಲ್ಡ್ ಬಾರ್ನಿ ಲಕೋಟೆಯೊಂದರ ಹಿಂಬದಿಯಲ್ಲಿ ಗೀಚಿದ ಚಿತ್ರದಿಂದ ಜೋಡಿಬಾಣದ ಲಾಂಛನ ರೂಪುಗೊಂಡಿತು. ಎರಡು ಸಮಾನಾಂತರ ಹಳಿಗಳು, ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ಬಾಣ. ರೈಲ್ವೆ ಎಂಬುದರ ಸಾರವನ್ನು ಇದಕ್ಕಿಂತ ಮಿತವಾಗಿ ಹೇಳಲಾಗದು. ಇದರ ಜೊತೆಗೆ ಬಂದ ‘ರೈಲ್ ಆಲ್ಫಬೆಟ್’ ಎಂಬ ಅಕ್ಷರಮಾಲೆ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಅವರ ಕೊಡುಗೆ. ಬ್ರಿಟನ್ನಿನ ರಸ್ತೆಫಲಕಗಳಿಗೆ ಹೊಸ ರೂಪ ನೀಡಿದ ಜೋಡಿಯೂ ಇದೇ. ಬರೀ ದೊಡ್ಡಕ್ಷರಗಳ ಸಾಲಿಗಿಂತ ದೊಡ್ಡ, ಸಣ್ಣ ಅಕ್ಷರಗಳು ಬೆರೆತ ಹೆಸರು ಏರಿಳಿತದಿಂದಾಗಿ ತನ್ನದೇ ಆಕಾರ ಪಡೆಯುತ್ತದೆ, ಕಣ್ಣು ಅದನ್ನು ಸುಲಭವಾಗಿ ಹಿಡಿಯುತ್ತದೆ ಎಂಬ ತತ್ತ್ವವನ್ನು ಅವರು ಹಳಿಯ ಬದಿಗೂ ತಂದರು.

ಈ ಅಕ್ಷರಗಳು ತಮ್ಮ ಒಡೆಯರಿಗಿಂತ ದೀರ್ಘಾಯುಷಿಗಳು. 1990ರ ದಶಕದಲ್ಲಿ ಬ್ರಿಟಿಷ್ ರೈಲ್ ಖಾಸಗಿ ಕಂಪನಿಗಳಿಗೆ ಹಂಚಿಹೋದರೂ ಜೋಡಿಬಾಣ ನಿಲ್ದಾಣಗಳ ಬಾಗಿಲಲ್ಲೇ ಉಳಿಯಿತು. ಜಾನ್‌ಸ್ಟನ್ ಲಿಪಿ ಶತಮಾನ ಪೂರೈಸಿದ 2016ರಲ್ಲಿ ಪರಿಷ್ಕೃತ ರೂಪದಲ್ಲಿ ಹೊರಬಂದಿತು. ಅದೇ ವರ್ಷ ಬ್ರಿಟಿಷ್ ರೈಲಿನ 1965ರ ವಿನ್ಯಾಸ ಕೈಪಿಡಿಯನ್ನು ಅಭಿಮಾನಿಗಳ ದೇಣಿಗೆಯಿಂದ ಮರುಮುದ್ರಿಸಲಾಯಿತು. 2020ರಲ್ಲಿ ಕಾಲ್ವರ್ಟ್ ಅವರು ವಿನ್ಯಾಸಕಾರ ಹೆನ್ರಿಕ್ ಕುಬೆಲ್ ಜೊತೆಗೂಡಿ ತಮ್ಮ ಅಕ್ಷರಮಾಲೆಗೆ ಎರಡನೆಯ ಅವತಾರವನ್ನು ಕೊಟ್ಟರು. ಅರ್ಧ ಶತಮಾನದ ಬಳಿಕ ತಮ್ಮದೇ ಕೃತಿಯನ್ನು ಕೈಗೆತ್ತಿಕೊಂಡು ತಿದ್ದುವ ಭಾಗ್ಯ ಎಷ್ಟು ಕಲಾವಿದರಿಗೆ ದಕ್ಕೀತು?

ಟೋಟೆಮ್‌ಗಳಿಗಂತೂ ಇನ್ನೊಂದು ಬೆಲೆಯಿದೆ. 1963ರಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಸಲ್ಲಿಸಿದ ವರದಿ 2,363 ನಿಲ್ದಾಣಗಳನ್ನು ಮುಚ್ಚಲು ಸೂಚಿಸಿತು. ಅವುಗಳಲ್ಲಿ ಬಹುಪಾಲು ಮುಚ್ಚಿಯೂ ಹೋದವು. ಎಷ್ಟೋ ಕಡೆ ಹಳಿ ಕಿತ್ತರು, ಪ್ಲಾಟ್‌ಫಾರಂ ಮೇಲೆ ಹುಲ್ಲು ಬೆಳೆಯಿತು. ಅಂಥ ಊರಿನ ಫಲಕವನ್ನು ಇಂದು ಮನೆಯ ಗೋಡೆಗೆ ತೂಗುಹಾಕುವವನು ಬರಿಯ ಹಳೆಯ ವಸ್ತುವನ್ನು ಕೊಳ್ಳುತ್ತಿಲ್ಲ. ಕಿಟಕಿಯಾಚೆ ಕ್ಷಣಮಾತ್ರ ಕಂಡು ಸರಿದುಹೋಗಲೆಂದು ಬರೆದ ಆ ಹೆಸರು, ಅಲ್ಲಿ ರೈಲು ನಿಲ್ಲುತ್ತಿತ್ತು ಎಂಬುದಕ್ಕೆ ಉಳಿದಿರುವ ಸಾಕ್ಷಿ.