ನಾಲ್ಕು ಬಣ್ಣ ಸಾಲದು

1950ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವರ್ಡ್ ನೆಲ್ಸನ್‌ಗೆ ಒಂದು ಪ್ರಶ್ನೆ ಹೊಳೆಯಿತು. ಕೊನೆಮೊದಲಿಲ್ಲದ ಒಂದು ಸಮತಲ. ಅದರ ಪ್ರತಿ ಬಿಂದುವಿಗೂ ಬಣ್ಣ ಹಚ್ಚಬೇಕು; ಸರಿಯಾಗಿ ಒಂದು ಅಂಗುಲ ದೂರದ ಯಾವ ಜೋಡಿಗೂ ಒಂದೇ ಬಣ್ಣ ಬೀಳಕೂಡದು. ಕನಿಷ್ಠ ಎಷ್ಟು ಬಣ್ಣ ಬೇಕು?

ಮೂರು ಸಾಲದೆಂದು ಅವರೇ ಕಂಡುಕೊಂಡರು. ಷಟ್ಕೋನಗಳನ್ನು ಜೋಡಿಸಿ, ಏಳು ಧಾರಾಳವಾಗಿ ಸಾಕೆಂದು ಜಾನ್ ಇಸ್ಬೆಲ್ ತೋರಿಸಿದರು. 1961ರಲ್ಲಿ ಮೋಸರ್ ಸಹೋದರರು ಬರೀ ಏಳು ಬಿಂದು, ಹನ್ನೊಂದು ಗೆರೆಗಳ ಪುಟ್ಟ ಚಿತ್ರದಲ್ಲೇ ಮೂರು ಬಣ್ಣ ಸೋಲುವುದನ್ನು ಕಾಣಿಸಿದರು. ಹಾಗಾದರೆ ಉತ್ತರ ನಾಲ್ಕೋ, ಐದೋ, ಆರೋ, ಏಳೋ? ಶಾಲೆಯ ಮಕ್ಕಳಿಗೂ ಅರ್ಥವಾಗುವ ಆ ಪ್ರಶ್ನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಘಟಾನುಘಟಿಗಳಿಗೆ ಜಗ್ಗಲಿಲ್ಲ.

ಅದನ್ನು ಅಲುಗಿಸಿದವರು ವೃತ್ತಿಯಿಂದ ಗಣಿತಜ್ಞರೇ ಅಲ್ಲ. ಬ್ರಿಟನ್ನಿನ ಆಬ್ರೆ ಡಿ ಗ್ರೇ ಹೆಸರಾಗಿದ್ದು ಮುಪ್ಪನ್ನು ತಡೆಯುವ ಸಂಶೋಧನೆಗೆ. ಒಥೆಲೊ ಎಂಬ ಮಣೆಯಾಟದ ಗೆಳೆಯರಲ್ಲಿ ಕೆಲವರು ಗಣಿತಜ್ಞರಾಗಿದ್ದರು. ಅವರ ಸಹವಾಸ ಗಣಿತದ ಹುಚ್ಚು ಹಿಡಿಸಿತ್ತು. 2017ರ ಕ್ರಿಸ್‌ಮಸ್ ರಜೆಯಲ್ಲಿ ಡಿ ಗ್ರೇ ಈ ಒಗಟನ್ನು ಕೈಗೆತ್ತಿಕೊಂಡರು.

ಮೋಸರ್ ಚಿತ್ರಗಳನ್ನೇ ಒಂದರ ಮೇಲೊಂದು ಒತ್ತೊತ್ತಾಗಿ ಪೇರಿಸಿದರೆ? ಬಿಂದುಗಳು ನೂರು ದಾಟಿದವು, ಸಾವಿರ ದಾಟಿದವು. ಒಂದೊಂದು ಬಗೆಯ ಬಣ್ಣಗಾರಿಕೆಯನ್ನೂ ಕೈಯಲ್ಲಿ ಪರೀಕ್ಷಿಸುವುದು ಆಗದ ಮಾತು. ಡಿ ಗ್ರೇ ಅದಕ್ಕೆಂದೇ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಕೊನೆಗೆ ಅವರ ಕೈಗೆ ಸಿಕ್ಕಿದ್ದು 20,425 ಬಿಂದುಗಳ ದೈತ್ಯ ಜಾಲ. ನಾಲ್ಕು ಬಣ್ಣಕ್ಕೆ ಅದು ಬಗ್ಗಲಿಲ್ಲ. ಅಲ್ಲಿಗೇ ನಿಲ್ಲದೆ ಅದನ್ನು ಕಡಿದು ಕಡಿದು 1,581ಕ್ಕೆ ಇಳಿಸಿ, 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು.

ಗುಟ್ಟು ಅಡಕತ್ತರಿಯಂಥದ್ದು, ಎರಡು ಅಲಗಿನದು. ಅಂಗುಲ ಬಾಹುವಿನ 52 ಷಟ್ಕೋನಗಳನ್ನು ಹೆಣೆದ ಒಂದು ರಚನೆ: ನಾಲ್ಕೇ ಬಣ್ಣ ಹಚ್ಚಿದರೆ, ಅವುಗಳಲ್ಲಿ ಒಂದರಲ್ಲಾದರೂ ಒಂದು ಬಿಟ್ಟು ಒಂದರಂತೆ ಮೂರು ಮೂಲೆಗಳಿಗೆ ಒಂದೇ ಬಣ್ಣ ಬೀಳಲೇಬೇಕು. 1,345 ಬಿಂದುಗಳ ಇನ್ನೊಂದು ರಚನೆ: ಅದರ ನಡುವಿನ ಷಟ್ಕೋನದಲ್ಲಿ ಹಾಗೆ ಬೀಳಲು ಸಾಧ್ಯವೇ ಇಲ್ಲ. ಎರಡನೆಯದನ್ನು ಮೊದಲನೆಯದರ ಪ್ರತಿ ಷಟ್ಕೋನಕ್ಕೂ ಕೂಡಿಸಿದರೆ ನಾಲ್ಕು ಬಣ್ಣಕ್ಕೆ ದಾರಿಯೇ ಉಳಿಯದು.

ಆಮೇಲೆ ಬೇರೆಯವರು ಜಾಲವನ್ನು 509 ಬಿಂದುಗಳಿಗೆ ಇಳಿಸಿದ್ದಾರೆ. ಐದು ಬಣ್ಣವಂತೂ ಬೇಕೇ ಬೇಕು. ಐದೇ ಸಾಕೇ, ಆರು ಬೇಕೇ, ಏಳೇ ಬೇಕೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.