ತಳದ ನೀರು ಮೇಲೇರುವ ದಾರಿ

ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್‌ಗಳ ಬಳಿ ಚಳಿಗೆ ಭಾರವಾದ ನೀರು ಕಡಲಾಳಕ್ಕೆ ಇಳಿಯುತ್ತಲೇ ಇರುತ್ತದೆ. ಇಳಿದದ್ದು ಮತ್ತೆ ಮೇಲೆ ಬರದಿದ್ದರೆ, ಮೇಲಿನ ತೆಳುಪದರವೊಂದನ್ನು ಬಿಟ್ಟು ಸಾಗರವೆಲ್ಲ ಕೊರೆಯುವ ನೀರೇ ಆಗಿರಬೇಕಿತ್ತು. ಹಾಗಾಗಿಲ್ಲ. ಆಳದ ತಣ್ಣೀರಿಗೆ ಮೇಲಿನ ಬಿಸಿಯನ್ನು ಬೆರೆಸಿ ಹಗುರಗೊಳಿಸುವ ಕೆಲಸ ಎಲ್ಲೋ ನಡೆಯುತ್ತಿದೆ. ಅದನ್ನು ಮಾಡುವುದು ಸೆಂಟಿಮೀಟರ್ ಲೆಕ್ಕದ ಪುಟ್ಟ ಸುಳಿಗಳು.

1966ರಲ್ಲಿ ಅಮೆರಿಕದ ಸಾಗರವಿಜ್ಞಾನಿ ವಾಲ್ಟರ್ ಮಂಕ್, ಪೆಸಿಫಿಕ್‌ ನೀರಿನ ಉಷ್ಣಾಂಶ ಮತ್ತು ಉಪ್ಪಿನಂಶ ಇಟ್ಟುಕೊಂಡು ಲೆಕ್ಕ ಹಾಕಿದರು. ಆಳದ ನೀರು ದಿನಕ್ಕೆ ಸುಮಾರು 1.2 ಸೆಂ.ಮೀ. ಮೇಲೇರುತ್ತಿರಬೇಕು ಎಂದು ಹೊರಟಿತು. ಅದಕ್ಕೆ ನೀರು ಎಷ್ಟು ಕದಡಬೇಕೆಂಬ ಅಂಕಿಯೂ ಸಿಕ್ಕಿತು. ಆದರೆ ಮುಂದೆ ಉಪಕರಣ ಇಳಿಸಿ ಅಳೆದವರಿಗೆ ನಡುಗಡಲಿನಲ್ಲಿ ಕಂಡದ್ದು ಅದರ ಹತ್ತರಲ್ಲೊಂದು ಪಾಲು!

ಅಳೆಯುವುದೂ ಸಲೀಸಲ್ಲ. ಹಡಗಿಗೆ ಬಿಗಿದ ಕೇಬಲ್‌ನಲ್ಲಿ ಉಪಕರಣ ಇಳಿಬಿಟ್ಟರೆ, ಹಡಗಿನ ತೊನೆದಾಟ ಕೇಬಲ್‌ಗುಂಟ ಇಳಿದು ನೀರಿನ ಸೂಕ್ಷ್ಮ ಅದುರುವಿಕೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಆಳಕ್ಕೆ ಹೋಗುವ ಉಪಕರಣವನ್ನು ಹಂಗಿಲ್ಲದೆ ಬೀಳಬಿಡುತ್ತಾರೆ. ಉದ್ದನೆಯ ಆ ಕೊಳವೆ ಸೆಕೆಂಡಿಗೆ ಸುಮಾರು 60 ಸೆಂ.ಮೀ. ವೇಗದಲ್ಲಿ ಇಳಿಯುತ್ತದೆ. ಅದರ ಮೂತಿಯಲ್ಲಿ ಸಿಲಿಕೋನ್ ರಬ್ಬರಿನ ಪುಟ್ಟ ಮೊನೆ, ಮೊನೆಯೊಳಗೆ ಪೀಜೋ ಸೆರಾಮಿಕ್ ಪಟ್ಟಿ. ಸುಳಿಯೊಂದು ಪಕ್ಕದಿಂದ ತಳ್ಳಿದರೆ ಪಟ್ಟಿ ಬಾಗುತ್ತದೆ, ಬಾಗಿದಾಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸಾಗರವಿಜ್ಞಾನಿ ಥಾಮಸ್ ಓಸ್ಬಾರ್ನ್ 1970ರ ದಶಕದಲ್ಲಿ ಕೆನಡಾದಲ್ಲಿದ್ದಾಗ ಈ ಉಪಾಯವನ್ನು ಕಡಲಿಗೆ ಒಗ್ಗಿಸಿದರು. ತಳ ಹತ್ತಿರವಾದಾಗ ಉಪಕರಣ ತನ್ನ ತೂಕದ ಗುಂಡುಗಳನ್ನು ಕಳಚಿಕೊಂಡು ತಾನೇ ಮೇಲಕ್ಕೆ ತೇಲಿ ಬರುತ್ತದೆ.

ಕಾಣೆಯಾಗಿದ್ದ ಕದಡಿಕೆಯ ಸುಳಿವು ಸಿಕ್ಕಿದ್ದು ಬ್ರೆಜಿಲ್ ಜಲಾನಯನದಲ್ಲಿ. ಸಪಾಟು ತಳದ ಮೇಲೆ ನೀರು ಹೆಚ್ಚುಕಡಿಮೆ ನಿಶ್ಚಲ, ಮಧ್ಯ ಅಟ್ಲಾಂಟಿಕ್ ಪರ್ವತಸಾಲಿನ ಒರಟು ಇಳಿಜಾರುಗಳ ಮೇಲೆ ಮಾತ್ರ ಕದಡಿಕೆ ಜೋರು ಎಂದು 1997ರಲ್ಲಿ ಪ್ರಕಟವಾಯಿತು. ಉಬ್ಬರವಿಳಿತದ ಹರಿವು ಬೆಟ್ಟಗಳಿಗೆ ಬಡಿದು ನೀರಿನೊಳಗೇ ಅಲೆಗಳನ್ನೆಬ್ಬಿಸುತ್ತದೆ. ಅವು ಒಡೆದಾಗ ಸುಳಿಗಳಾಗುತ್ತವೆ.

2021ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡವೊಂದು ಐರ್ಲೆಂಡ್‌ನಾಚೆಯ ರಾಕಾಲ್ ಟ್ರಫ್ ಎಂಬ ಕಡಲತಗ್ಗಿನ ಕಣಿವೆಯಲ್ಲಿ, ತಳಕ್ಕಿಂತ ತುಸು ಮೇಲೆ ಫ್ಲೂರಸೀನ್ ಬಣ್ಣ ಬಿಟ್ಟು ಬೆನ್ನಟ್ಟಿತು. ಬಣ್ಣದ ನೀರು ಇಳಿಜಾರಿಗಂಟಿಕೊಂಡು ದಿನಕ್ಕೆ 100 ಮೀಟರಿನಷ್ಟು ಮೇಲೇರಿತ್ತು. ಮಂಕ್ ಹೇಳಿದ್ದು ಸರಾಸರಿ. ನಿಜದಲ್ಲಿ ನೀರು ಎಲ್ಲೆಡೆ ಸಮನಾಗಿ ಏರದೆ, ಬೆಟ್ಟದ ಬದಿಗಳನ್ನು ಹಿಡಿದು ಧಾವಿಸುತ್ತದೆ.

ಹವಾಮಾನ ಮಾದರಿಗಳು ಕಡಲನ್ನು ಹತ್ತಾರು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸುತ್ತವೆ. ಸೆಂಟಿಮೀಟರ್ ಸುಳಿ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಸೂತ್ರವೇ ಗತಿ. ಕಡಲು ನುಂಗಿದ ಶಾಖ, ಇಂಗಾಲ ಎಷ್ಟು ಕಾಲ ಕೆಳಗೇ ಉಳಿಯುತ್ತವೆ ಎಂದು ಹೇಳಬೇಕಾದರೆ, ಆ ಸೂತ್ರಕ್ಕೆ ತಳದ ಬೆಟ್ಟಗುಡ್ಡಗಳ ಲೆಕ್ಕವೂ ಗೊತ್ತಿರಬೇಕು.